ಐದಂಗಡಿಯ ಮ್ಯಾಚಿಂಗ್ ಕೌಂಟರ್

ನವೆಂಬರ್ 4, 2024

ಹಸಿರು ಬಟ್ಟೆ ಥಾನುಗಳ ಸಾಲು ಒರೆಸಿದೆ. ನಂಬರು 118, 119 ಅದಲುಬದಲಾಗಿದ್ದವು — ಯಾರೋ ಅವಸರದಲ್ಲಿ ಇಟ್ಟಿದ್ದಾರೆ. ಸರಿಮಾಡಿದೆ.

ಹನ್ನೊಂದು ಗಂಟೆಗೆ ಮಾಲೀಕರು ಶಿವಶಂಕರ ಬಂದರು. ಎಲ್ಲರನ್ನೂ ಕೌಂಟರಿನ ಮುಂದೆ ನಿಲ್ಲಿಸಿಕೊಂಡು ಹೇಳಿದರು. ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತದೆ.

ಅವರ ಐದು ಬಟ್ಟೆ ಅಂಗಡಿಗಳಲ್ಲಿ ಕೂಡ್ಲಿಗಿ, ಹಡಗಲಿಯವು ಹೋದ ವರ್ಷವೇ ಮುಚ್ಚಿದವು. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯವು ಯುಗಾದಿಯ ಹೊತ್ತಿಗೆ. ಉಳಿದದ್ದು ನಮ್ಮ ಕೊಟ್ಟೂರಿನದು ಒಂದೇ. ಆದರೂ ಜನ ಇದನ್ನು ‘ಐದಂಗಡಿ’ ಎಂದೇ ಕರೆಯುತ್ತಾರೆ. ಮಾಲೀಕರ ತಾತ ಶುರುಮಾಡಿ ಐವತ್ತಾರು ವರ್ಷ. ನಾನು ಮ್ಯಾಚಿಂಗ್ ಕೌಂಟರಿಗೆ ಬಂದು ಇಪ್ಪತ್ತೆರಡು.

ಎಲ್ಲರೂ ತಮ್ಮ ತಮ್ಮ ಕೌಂಟರಿಗೆ ಮರಳಿದರು. ನಾನೂ ಮರಳಿದೆ.

ನವೆಂಬರ್ 5

ಮುನ್ನೂರ ಹನ್ನೆರಡು ಬಣ್ಣದ ಥಾನು. ಪ್ರತಿಯೊಂದಕ್ಕೂ ನಂಬರು. ಆದರೆ ನಂಬರು ಹೇಳಿ ಸೀರೆಗೆ ಹೊಂದುವ ಜಂಪರ್ ಪೀಸ್ ಕೇಳುವ ಹೆಂಗಸು ಇನ್ನೂ ಹುಟ್ಟಿಲ್ಲ. ಅವರು ಹೇಳುವ ಹೆಸರನ್ನು ನನ್ನ ನೋಟ್‌ಬುಕ್ಕಿನಲ್ಲಿ ನಂಬರಿನ ಪಕ್ಕ ಬರೆದಿಟ್ಟಿದ್ದೇನೆ. 87: ಈರುಳ್ಳಿ ಸಿಪ್ಪೆ. 143: ಹಸಿ ಹುಣಸೆಕಾಯಿ. 260: ತೊಳೆದ ಎಮ್ಮೆ — ಹೆಸರಿಟ್ಟವಳು ಟೇಲರ್ ಜಂಬಕ್ಕ.

ಸೀರೆಯನ್ನೂ ಥಾನನ್ನೂ ಬಾಗಿಲಿಗೆ ಒಯ್ದು ಹಗಲ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿಯಬೇಕು. ಆಮೇಲೆಯೇ ಕತ್ತರಿ. ಮಾಲೀಕರ ತಂದೆ ಮೊದಲ ದಿನ ಕಲಿಸಿದ್ದು ಇಷ್ಟೇ. ಟ್ಯೂಬ್‌ಲೈಟ್ ನಂಬಬಾರದು.

ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿ ಅರ್ಧ ಆಯಿತು. ಇಂಗ್ಲಿಷಿಗೆ ಹೋಗಿ ಅಲ್ಲಿಂದ ಕನ್ನಡಕ್ಕೆ ಬಂದದ್ದು. ಅದರಲ್ಲಿ ಒಬ್ಬಳು ‘ಬೂದು ಬೆರೆತ ನೀಲಿ’ ಶಾಲು ಹೊದ್ದಿದ್ದಾಳೆ. ಎರಡು ಭಾಷೆ ದಾಟಿದ ಬಣ್ಣ. 214 ಇರಬೇಕು. 215 ಅಲ್ಲ.

ನವೆಂಬರ್ 11

ಊಟದ ಹೊತ್ತಿಗೆ ಜಂಬಕ್ಕನ ಅಂಗಡಿಗೆ ಹೋಗಿದ್ದೆ. ಮುಂದಿನ ಅರ್ಧ ಜಾಗ ನಿನಗೇ, ಮ್ಯಾಚಿಂಗ್ ಇಟ್ಟುಕೋ ಎಂದಳು. ಬಾಗಿಲು ಪೂರ್ವಕ್ಕಿದೆ. ಇದುವರೆಗೆ ಗಮನಿಸಿರಲಿಲ್ಲ.

ಆದರೆ ಥಾನು? ನಮ್ಮ ಹಿರಿಯ ಸೇಲ್ಸ್‌ಮನ್ ಪಾಲಣ್ಣ ಹೇಳಿದಂತೆ ಉಳಿದ ಮಾಲೆಲ್ಲ 30ಕ್ಕೆ ಲಾರಿಯಲ್ಲಿ ದಾವಣಗೆರೆ ವ್ಯಾಪಾರಿಗೆ ಹೋಗುತ್ತದೆ. ನನಗೆ ಬೇಕಾದದ್ದು ಪೂರ್ತಿ ಸೆಟ್. ಒಂದು ಬಣ್ಣ ಇಲ್ಲದಿದ್ದರೆ ಅದರ ಅಕ್ಕಪಕ್ಕದ ಎರಡೂ ಮೋಸ ಮಾಡುತ್ತವೆ.

“ಮಾಲೀಕರನ್ನ ಕೇಳು ಅಂಜಿನಕ್ಕ,” ಎಂದಳು ಜಂಬಕ್ಕ. “ಬಾಯಿ ಐತಿಲ್ಲೋ ನಿನಗ? ಬರೇ ಪುಸ್ತಕ ಓದಾಕ ಬಾಯಿ ಬೇಕಾಗಂಗಿಲ್ಲ ಅಂತ ಮನಿಯಾಗ ಬಿಟ್ಟು ಬಂದೀಯೇನು?”

ನಾಳೆ ಕೇಳಬೇಕು.

ನವೆಂಬರ್ 12

ಕೇಳಲಿಲ್ಲ.

ನವೆಂಬರ್ 16

ಕ್ಲೋಸಿಂಗ್ ಸೇಲ್ ಬ್ಯಾನರ್ ಬಂತು. ಬಾಗಿಲಿಗಿಂತ ದೊಡ್ಡದು. ಅಡ್ಡಲಾಗಿ ಇಳಿಬಿಟ್ಟು ಕಟ್ಟಿದ್ದಾರೆ. ಒಳಗೆ ಹಗಲಲ್ಲೂ ಟ್ಯೂಬ್‌ಲೈಟ್. ಜನವೋ ಜನ. ಕೋಗಳಿಯ ಗಾದೆಮ್ಮ ಮಗಳು ಭೂಮಿಕಾಳ ಧಾರೆ ಸೀರೆ ತಂದಿದ್ದಳು. ಮದುವೆ 24ಕ್ಕೆ. ಬ್ಯಾನರ್ ದಾಟಿ ಬೀದಿಗಿಳಿಯಬೇಕಿತ್ತು. ಹಿಂದೆ ಎಂಟು ಜನ ನಿಂತಿದ್ದರು. ಇದ್ದಲ್ಲೇ ನೋಡಿದೆ. 91 ಎಂದೆ. ಕತ್ತರಿಸಿದೆ.

ನವೆಂಬರ್ 19

ಗಾದೆಮ್ಮನ ಫೋನ್. ಜಂಪರ್ ಹೊಲಿದು ಬಂದಿದೆ. ಸೀರೆಯ ಪಕ್ಕ ಇಟ್ಟರೆ ಬೇರೆ ಮನೆಯದರಂತೆ ಕಾಣುತ್ತದಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಬಾಗಿಲಿಗೆ ಹೋಗದೆ ಕತ್ತರಿಸಿದ್ದು ಅದೊಂದೇ ಪೀಸ್.

ಕೋಗಳಿಗೆ ಹೋಗಲು ನಾಳೆ ರಜೆ ಹೇಳಿದ್ದೇನೆ. ಜಂಬಕ್ಕ ತಾನೂ ಬರುತ್ತೇನೆ ಎಂದಳು — ಅಲ್ಲೇ ಹೊಲಿದುಕೊಡುತ್ತಾಳಂತೆ, ಗಾದೆಮ್ಮನ ಓಣಿಯಲ್ಲಿ ಮಷಿನ್ ಇದೆ.

ನವೆಂಬರ್ 20, ಬುಧವಾರ. ಸಂಜೆ

ಬೆಳಗಿನ ಬಸ್ಸಿಗೆ ಕೋಗಳಿ. 93, 94, 95 ಒಂದೊಂದು ಮೀಟರ್ ಒಯ್ದಿದ್ದೆ. ಅಂಗಳದಲ್ಲಿ ಭೂಮಿಕಾ ಸೀರೆ ಹಿಡಿದು ನಿಂತಳು. ಬಿಸಿಲು ನೇರ. 94. ಎರಡನೇ ಸಲ ನೋಡಬೇಕಾಗಲಿಲ್ಲ.

ಜಂಬಕ್ಕ ಮಷಿನ್ ತುಳಿಯುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಪಕ್ಕದ ಮನೆಯವರು ಟ್ರಂಕಿನಿಂದ ಸೀರೆ ತೆಗೆದು ತಂದರು. ಅವರ ಹಿಂದೆ ಮತ್ತಿಬ್ಬರು. ಬಸ್ಸಿನ ತಾಪತ್ರಯಕ್ಕೆ ಕೊಟ್ಟೂರಿಗೆ ಬರಲಾಗದೆ ಸಿಕ್ಕ ಬಣ್ಣದ ಜಂಪರ್ ಹಾಕಿಕೊಳ್ಳುತ್ತಿದ್ದವರು. ನನ್ನ ಕೈಯಲ್ಲಿ ಥಾನು ಇರಲಿಲ್ಲ. ನೋಟ್‌ಬುಕ್ ಇತ್ತು. ಬಿಸಿಲಲ್ಲಿ ಸೀರೆ ನೋಡಿ ನಂಬರು ಬರೆದುಕೊಂಡೆ. ಹದಿನೇಳು ಸೀರೆ. ಕರಿಯಕ್ಕ ಎಂಬ ಮುದುಕಿಯದು 260. ಹೆಸರು ಹೇಳಿದೆ. ಕೆಮ್ಮು ಬರುವಷ್ಟು ನಕ್ಕಳು.

ಈ ತಿಂಗಳು ಕಳೆದರೆ ಅಂಗಡಿ ಇರುವುದಿಲ್ಲ ಎಂದು ಅವರಿಗೆ ತಿಳಿಸಿದೆ.

“ಅಂಗಡಿ ಮುಚ್ಚತೈತಿ, ಸರಿ,” ಎಂದಳು ಗಾದೆಮ್ಮ. “ನಿನ್ನ ಕಣ್ಣೂ ಮುಚ್ಚತಾವೇನು?”

ಡಿಸೆಂಬರ್ ಮೊದಲ ಬುಧವಾರ ಎಲ್ಲರ ಪೀಸ್ ತರುತ್ತೇನೆ ಎಂದುಬಿಟ್ಟೆ. ಹೇಳಿದ ಮೇಲೆ ಯೋಚನೆ ಬಂತು. ಎಲ್ಲಿಂದ ತರಲಿ?

ವಾಪಸ್ ಬಸ್ಸಿನಲ್ಲಿ ಜಂಬಕ್ಕ ನಗುತ್ತಲೇ ಇದ್ದಳು. ಬಾಯಿ ಇತ್ತಲ್ಲ ಎಂದು.

ನವೆಂಬರ್ 21

ಕೇಳಿದೆ.

ಏನು ಹೇಳಬೇಕೆಂದು ನಾಲ್ಕು ವಾಕ್ಯ ಬರೆದುಕೊಂಡು ಹೋಗಿದ್ದೆ. ಮೊದಲನೆಯದಕ್ಕೇ ನಾಲಿಗೆ ತಡವರಿಸಿತು. ಹದಿನೇಳು ಸೀರೆಯ ಪುಟವನ್ನೇ ಮುಂದೆ ಹಿಡಿದೆ. ಮಾಲೀಕರು ಕನ್ನಡಕ ಹಾಕಿ ಓದಿದರು. ಹಿಂದಿನ ಪುಟಗಳನ್ನೂ ತಿರುವಿದರು. ಬಹಳ ಹೊತ್ತು. ಮೊದಲ ಪುಟದ ಕೆಲವು ಹೆಸರು ಅವರ ತಂದೆ ಹೇಳಿ ಬರೆಸಿದವು.

ದಾವಣಗೆರೆಗೆ ಫೋನ್ ಮಾಡಿದರು. ಆ ಕಡೆಯವರು ಮ್ಯಾಚಿಂಗ್ ಥಾನು ಬೇಡವೆಂದರಂತೆ, ಲಾರಿಯಲ್ಲಿ ಜಾಗ ತಿನ್ನುತ್ತವೆ ಎಂದು.

“ಒಯ್ಯಿರಿ ಅಂಜಿನಕ್ಕ,” ಎಂದರು. ಆಮೇಲೆ ಸಂಕೋಚದಿಂದ, “ಒಂದು ಮಾತು ಐತಿ. ಚೊಲೋವು ಅಷ್ಟ ಆರಿಸಿಕೊಂಡ್ರ ಉಳಿದಿದ್ದು ನಾ ಏನ್ ಮಾಡ್ಲಿ? ಒಯ್ದ್ರ ಎಲ್ಲಾನೂ ಒಯ್ಯಬೇಕಾಗತೈತಿ.”

ಆಗಲಿ ಎಂದೆ. ಮುಖ ಗಂಭೀರವಾಗಿಯೇ ಇಟ್ಟುಕೊಂಡೆ. ಹೊರಗೆ ಬಂದು ಬ್ಯಾನರಿನ ಹಿಂದೆ ನಿಂತು ನಕ್ಕೆ.

ನವೆಂಬರ್ 30

ಬ್ಯಾನರ್ ಬಿಚ್ಚಿದರು. ಬೆಳಕು ಖಾಲಿ ಕಪಾಟಿನ ತುದಿಯವರೆಗೂ ಹೋಯಿತು. ಇಷ್ಟು ದೂರ ಹೋಗಬಲ್ಲದೆಂದು ಗೊತ್ತಿರಲಿಲ್ಲ. ಯಾವಾಗಲೂ ಬಟ್ಟೆ ಅಡ್ಡ ಇರುತ್ತಿತ್ತು.

ಕೈಗಾಡಿಯಲ್ಲಿ ನಾಲ್ಕು ಸಲ ಸಾಗಿಸಿದೆವು. ಮುನ್ನೂರ ಹನ್ನೆರಡು. ಪಾಲಣ್ಣ ಕೊನೆಯ ಗಾಡಿಯ ಮೇಲೆ ತನ್ನ ಮೀಟರ್ ಕಡ್ಡಿ ಇಟ್ಟ. ನಾಳೆ ಮಗಳ ಊರು ಅರಸೀಕೆರೆಗೆ ಹೋಗುತ್ತಾನೆ. ಶಟರ್ ಎಳೆದದ್ದೂ ಅವನೇ. ನಾನು ನೋಡಲಿಲ್ಲ. ಸದ್ದು ಕೇಳಿಸಿತು.

ಡಿಸೆಂಬರ್ 2. ಬೆಳಿಗ್ಗೆ 9.40

ಜಂಬಕ್ಕನ ಅಂಗಡಿಯ ಮುಂಭಾಗ. ಬಿಸಿಲು ಹೊಸ್ತಿಲಿನಿಂದ ಮೂರು ಗೇಣು ಒಳಗೆ. ಕೋಗಳಿಯ ಹದಿನೇಳೂ ಕತ್ತರಿಸಿ, ಹೆಸರು ಬರೆದು ಕಟ್ಟಿದ್ದೇನೆ. ಪ್ರತಿಯೊಂದನ್ನೂ ಬಾಗಿಲಲ್ಲೇ ನೋಡಿದೆ. ಬೋರ್ಡ್ ಇನ್ನೂ ಬರೆಸಿಲ್ಲ. ಒಬ್ಬಳು ಆಗಲೇ ಬಂದು ಐದಂಗಡಿ ಎಲ್ಲಿ ಎಂದು ಕೇಳಿದಳು. ಜಂಬಕ್ಕ ಬಾಯಲ್ಲಿ ದಾರ ಕಚ್ಚಿಕೊಂಡೇ ನನ್ನ ಕಡೆ ಕೈ ತೋರಿಸಿದಳು.

ಮತ್ತೆ ಯಾರೋ ಬಂದರು. ಒಳಗೆ ಬರದೆ ಹೊರಗೇ ನಿಂತು ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದಿದ್ದಾರೆ. ಇಲ್ಲಿಂದ 214ರ ಹಾಗಿದೆ. ಅಥವಾ 215. ಎದ್ದು ಹೋಗಿ ಬಿಸಿಲಲ್ಲೇ ನೋಡಬೇಕು.