ಅಪ್ಪನ ನಾನೂರ ಹನ್ನೆರಡು ಮಾತು

ಮನೆ, ಊಟದ ಮೇಜು
ಭಾನುವಾರ, ಮಾರ್ಚ್ ೧೬, ಬೆಳಿಗ್ಗೆ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ನಿನಗೆ ಕೊಟ್ಟಿದ್ದ ಆ ಕಾಲು ಮುರಿದ ಕುರ್ಚಿಯನ್ನು ಬದಲಾಯಿಸಿದರಾ, ಇಲ್ಲ ಈಗಲೂ ಅದರಡಿ ಹಳೇ ಪುಸ್ತಕ ಒಟ್ಟಿಕೊಂಡೇ ಕೂರುತ್ತೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇಷ್ಟು ಕೇಳುವುದು ಅಕ್ಕನಾದವಳ ಧರ್ಮ, ಕೇಳಿಯಾಯಿತು. ಇನ್ನು ಮುಂದಿರುವುದೆಲ್ಲ ಬೈಗುಳ. ಹದಿನಾಲ್ಕು ದಿನದಿಂದ ನೀನು ಫೋನ್ ಎತ್ತಿಲ್ಲ, ಕಳಿಸಿದ ಮೆಸೇಜ್ ತೆರೆದು ನೋಡಿಲ್ಲ. ನನ್ನ ಅಕ್ಷರ ಕಂಡರೆ ಕಾಗದವನ್ನೂ ಒಡೆಯದೆ ಮೂಲೆಗೆ ಎಸೆಯುತ್ತೀಯ ಅಂತ ಗೊತ್ತು, ಅದಕ್ಕೇ ಕವರಿನ ಮೇಲೆ ವಿಳಾಸವನ್ನು ಪಕ್ಕದ ಮನೆಯಾಕೆಯಿಂದ ಬರೆಸಿದ್ದೇನೆ. ಒಡೆದಿದ್ದೀಯಲ್ಲ, ಈಗ ಕೊನೆಯವರೆಗೂ ಓದು.

ನಿನಗೆ ಲಿನಕ್ಸ್ ಅಂದರೆ ಪ್ರಾಣ, ನಿನ್ನ ಭಾವನಿಗೆ ವಿಂಡೋಸ್ ಅಂದರೆ ಪ್ರಾಣ. ನನ್ನ ಮದುವೆಯಾದ ವರ್ಷದಿಂದ ಈ ಜಗಳವನ್ನು ಕೇಳಿ ಕೇಳಿ ನನಗೆ ಇಬ್ಬರ ಮಾತೂ ಬಾಯಿಪಾಠವಾಗಿದೆ. ಎಸೆಯಬೇಕಾದ ಹಳೇ ಯಂತ್ರಕ್ಕೂ ಲಿನಕ್ಸ್ ಜೀವ ಕೊಡುತ್ತದೆ, ಒಳಗೆ ಏನಿದೆ ಅಂತ ಬಿಚ್ಚಿ ನೋಡಬಹುದು, ನಾವು ಹೇಳದೆ ತಾನಾಗಿ ಏನೂ ಮಾಡುವುದಿಲ್ಲ. ಇದು ನಿನ್ನ ಪಾಠ. ವಿಂಡೋಸ್ ಆದರೆ ತಂದಿಟ್ಟ ಪ್ರಿಂಟರ್ ತಂದಿಟ್ಟ ಹಾಗೇ ಓಡುತ್ತದೆ, ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯುವ ಸಾಫ್ಟ್‌ವೇರ್ ಅದರಲ್ಲೇ ಇರುವುದು, ಕೆಟ್ಟರೆ ಬೀದಿಗೊಬ್ಬ ರಿಪೇರಿಯವನಿದ್ದಾನೆ. ಇದು ನಿನ್ನ ಭಾವನ ಪಾಠ. ನನ್ನನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್ ನಾವು ಊಟಕ್ಕೆ ಕೂತಾಗಲೇ ಪೊರಕೆ ಹಿಡಿದು ಗುಡಿಸಲು ಬರುತ್ತದೆ. ಲಿನಕ್ಸ್ ಅಡುಗೆಮನೆ ಪೂರ್ತಿ ನಿಮ್ಮದೇ ಅನ್ನುತ್ತದೆ, ಬೆಂಕಿಪೊಟ್ಟಣ ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ. ಎರಡರಲ್ಲೂ ಸಂಸಾರ ಮಾಡಬಹುದು. ನಿಮಗಿಬ್ಬರಿಗೂ ಅದು ಬೇಕಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂದ ಹಾಗೆ, ಅವರದರಲ್ಲಿ ನೀನು ಹುಡುಕಬೇಕು, ನಿನ್ನದರಲ್ಲಿ ಅವರು ಹುಡುಕಬೇಕು. ಹುಡುಕಿಕೊಳ್ಳಿ, ಬೇಡ ಅಂದವರು ಯಾರು? ಆದರೆ ಅಪ್ಪನ ಕಂಪ್ಯೂಟರನ್ನು ಯಾಕೆ ಅಖಾಡ ಮಾಡಿದಿರಿ?

ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ಅಪ್ಪನಿಗೆ ಅದು ಬರೀ ಕಂಪ್ಯೂಟರ್ ಅಲ್ಲ, ಬಾಯಿ. ನೀನು ತಿಂಗಳಿಗೊಂದು ಸಲ ಬಂದು ಹೋಗುವವನು, ಅದನ್ನು ಅವರು ಹೇಗೆ ಕಟ್ಟಿಕೊಂಡರು ಅನ್ನುವುದನ್ನು ನೋಡಿದವಳು ನಾನು. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆ ಪ್ರೋಗ್ರಾಮ್ ಹಾಕಿಕೊಟ್ಟದ್ದು ನಿನ್ನ ಭಾವ, ಒಪ್ಪುತ್ತೇನೆ. ಆದರೆ ಮಾತಿಗೊಂದು ಸಲ ಎರಡು ಬೆರಳಲ್ಲಿ ಟೈಪ್ ಮಾಡುತ್ತಾ ಕೂತರೆ ಎದುರಿಗಿದ್ದವರು ಎದ್ದೇ ಹೋಗುತ್ತಾರೆ. ಅದಕ್ಕೆ ಅಪ್ಪ ಹದಿನಾಲ್ಕು ತಿಂಗಳು ಕೂತು ಒಂದೊಂದೇ ವಾಕ್ಯ ಬರೆದು, ಎರಡು ಕೀ ಒತ್ತಿದರೆ ಒಂದು ವಾಕ್ಯ ಬರುವ ಹಾಗೆ ಜೋಡಿಸಿಟ್ಟರು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿದ ಕೈ ಅದು. ಮೊಳೆಯ ಪೆಟ್ಟಿಗೆಯಲ್ಲಿ ಹೆಚ್ಚು ಬೇಕಾದ ಅಕ್ಷರ ಕೈಗೆ ಹತ್ತಿರ ಇರುವಂತೆ, ದಿನಾ ಬೇಕಾದ ಮಾತು ಪರದೆಯ ನಡುವೆ, ಅಪರೂಪದ್ದು ಅಂಚಿಗೆ. ಒಟ್ಟು ನಾನೂರ ಹನ್ನೆರಡು. ‘ಬಾಗಿಲು ಮೆಲ್ಲಗೆ ಹಾಕಿ’ ನಟ್ಟನಡುವೆ ಇತ್ತು, ಅದು ಯಾರಿಗೆ ಅಂತ ನಿನ್ನ ಭಾವನಿಗೆ ಗೊತ್ತು. ‘ಡಾಕ್ಟರಿಗೆ ನಾನೇ ಹೇಳ್ತೀನಿ, ನೀನು ಸುಮ್ಮನಿರು’ ಅನ್ನುವುದು ನನಗಾಗಿಯೇ ಮಾಡಿದ್ದು. ಕಣ್ಣು ಮುಚ್ಚಿಕೊಂಡು ಒತ್ತುವಷ್ಟು ಬೆರಳಿಗೆ ರೂಢಿಯಾಗಿತ್ತು. ಜಗಳಕ್ಕೆ ನಿಂತರೆ ನಾನೇ ಸೋಲುತ್ತಿದ್ದೆ.

ಫೆಬ್ರವರಿ ಕೊನೆಗೆ ಆ ಯಂತ್ರ ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಅಪ್‌ಡೇಟ್ ಅಂತ ಕೂತುಬಿಟ್ಟದ್ದು ನಿಜ. ಅದು ವಿಂಡೋಸಿನ ತಪ್ಪಲ್ಲ, ನಿನ್ನ ಭಾವ ಮೂರು ತಿಂಗಳು ‘ಆಮೇಲೆ’ ‘ಆಮೇಲೆ’ ಅಂತ ಒತ್ತುತ್ತಾ ಬಂದದ್ದರ ಫಲ. ಆ ಸುದ್ದಿ ನಿನಗೆ ಹೇಳಿದ್ದು ನಾನು ಮಾಡಿದ ತಪ್ಪು. ನೀನು ಆ ಭಾನುವಾರ ಪೆನ್‌ಡ್ರೈವ್ ಹಿಡಿದು ಬಂದವನೇ, ನಾನು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗಿದ್ದಾಗ, ಅಪ್ಪನ ಭುಜದ ಮೇಲೆ ಕೈಯಿಟ್ಟು ಇನ್ನು ಈ ಕಾಟ ಇಲ್ಲ ಅಂದೆಯಂತೆ. ಅಪ್ಪ ತಲೆಯಾಡಿಸಿದರಂತೆ. ನೀನು ಏನು ಹೇಳಿದರೂ ಅವರು ತಲೆಯಾಡಿಸುತ್ತಾರೆ, ಹುಟ್ಟಿದಾಗಿನಿಂದ ಅದೇ ಪಕ್ಷಪಾತ. ಫೋಲ್ಡರ್‌ಗಳನ್ನೆಲ್ಲ ನಕಲು ಮಾಡಿಕೊಂಡೆ, ಸರಿ. ವಾಕ್ಯಗಳು ಫೋಲ್ಡರಿನಲ್ಲಿರಲಿಲ್ಲ, ಆ ಪ್ರೋಗ್ರಾಮಿನ ಹೊಟ್ಟೆಯೊಳಗಿದ್ದವು. ಅವು ಎಲ್ಲಿವೆ ಅಂತ ಪಕ್ಕದಲ್ಲೇ ಇದ್ದ ಭಾವನನ್ನು ಕೇಳಿದರೆ ವಿಂಡೋಸ್ ನಿನಗೆ ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು, ನೀನು ಕೇಳಲಿಲ್ಲ. ಎಲ್ಲ ತೆಗೆದುಕೊಂಡಿದ್ದೀಯಾ ಅಂತ ಎಚ್ಚರಿಸಿದರೆ ನಿನ್ನ ಕೆಲಸಕ್ಕೆ ಸಹಾಯ ಮಾಡಿದ ಹಾಗಾಗುತ್ತಿತ್ತು, ನಿನ್ನ ಭಾವ ಹೇಳಲಿಲ್ಲ. ಇಬ್ಬರೂ ಓದಿದವರು. ಇಬ್ಬರ ಮೂಗಿನ ತುದಿಯಲ್ಲೂ ಜಂಭ. ಡಿಸ್ಕ್ ಅಳಿಸಿಹೋಯಿತು.

ಆಮೇಲಿನದನ್ನು ನಾನು ಕೇಳಿದ್ದು ಅಪ್ಪನ ಪ್ರೆಸ್ಸಿನ ಹಳೇ ಫೋರ್‌ಮನ್ ಬಾಯಿಂದ. ಭಾನುವಾರ ಹನ್ನೊಂದಕ್ಕೆ ಅವರು ಅಪ್ಪನಿಗೆ ಫೋನ್ ಮಾಡುವುದು, ಇಬ್ಬರೂ ಸೇರಿ ಪೇಪರಿನ ಪದಬಂಧ ಬಿಡಿಸುವುದು ನಿನಗೆ ಗೊತ್ತಿಲ್ಲದ್ದೇನಲ್ಲ. ಪ್ರೆಸ್ಸು ಮುಚ್ಚಿ ಎಷ್ಟು ವರ್ಷವಾದರೂ ಒಂದು ವಾರ ತಪ್ಪಿಸಿಲ್ಲ. ಅಪ್ಪ ಫೋನನ್ನು ಸ್ಪೀಕರಿನ ಮುಂದೆ ಹಿಡಿಯುತ್ತಾರೆ, ಕಂಪ್ಯೂಟರ್ ಮಾತಾಡುತ್ತದೆ. ಅವತ್ತೂ ಫೋನ್ ಬಂತು, ಅಪ್ಪ ಎತ್ತಿದರು. ಅಷ್ಟು ಹೊತ್ತಿಗೆ ಲಿನಕ್ಸ್ ಹಾಕಿಯಾಗಿತ್ತು, ಮಾತಿನ ಪ್ರೋಗ್ರಾಮ್ ಇನ್ನೂ ಹಾಕಿರಲಿಲ್ಲ, ಯಾಕೆಂದರೆ ನಿನ್ನ ಭಾವ ಇದರಲ್ಲಿ ಪ್ರಿಂಟರ್ ಓಡುತ್ತಾ ಅಂತ ಒಂದು ಮಾತು ಬಿಟ್ಟಿದ್ದರು, ನೀನು ಕೆಲಸ ಬಿಟ್ಟು ಆ ಮಾತನ್ನು ಹಿಡಿದುಕೊಂಡಿದ್ದೆ. ಫೋರ್‌ಮನ್ ಕಿವಿಗೆ ಬಿದ್ದದ್ದು ಇಬ್ಬರು ಗಂಡಸರ ಅರಚಾಟ. ಒಬ್ಬ ಸ್ವಾತಂತ್ರ್ಯ ಅನ್ನುತ್ತಾನೆ, ಇನ್ನೊಬ್ಬ ಅನುಕೂಲ ಅನ್ನುತ್ತಾನೆ. ನಡುವೆ ಅಪ್ಪ ಚಮಚದಿಂದ ಮೇಜು ಕುಟ್ಟುತ್ತಿದ್ದಾರೆ, ನಿಮ್ಮನ್ನು ಕರೆಯಲು. ‘ಒಂದ್ನಿಮಿಷ ಅಪ್ಪಾ’ ಅಂತ ನೀನು ಏಳು ಸಲ, ‘ಒಂದ್ನಿಮಿಷ ಮಾವ’ ಅಂತ ನಿನ್ನ ಭಾವ ಐದು ಸಲ. ಫೋರ್‌ಮನ್ ಎಣಿಸಿದ್ದಾರೆ. ಪ್ರೂಫ್ ನೋಡಿದವರು, ಅವರ ಲೆಕ್ಕ ತಪ್ಪುವುದಿಲ್ಲ.

ಎಪ್ಪತ್ತಾರು ವರ್ಷದ ಮನುಷ್ಯ, ಮಂಡಿ ಬಗ್ಗದು, ಏನೋ ಅನಾಹುತವಾಗಿದೆ ಅಂತ ಎರಡು ಬಸ್ಸು ಬದಲಾಯಿಸಿ ಬಂದರು. ನಾನು ಒಂದು ಗಂಟೆಗೆ ಅಂಗಡಿಯಿಂದ ಬಂದಾಗ ಮೆಟ್ಟಿಲ ಮೇಲೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. “ನಿಮ್ಮಪ್ಪನ ಉಸಿರು ಕೇಳಿಸ್ತಾ ಇತ್ತಮ್ಮಾ, ಮಾತು ಮಾತ್ರ ಬರಲಿಲ್ಲ” ಅಂದರು. ಬಾಗಿಲು ತೆಗೆದರೆ ನೀವಿಬ್ಬರೂ ಇನ್ನೂ ಪ್ರಿಂಟರಿನಲ್ಲೇ ಇದ್ದೀರಿ. ಅಪ್ಪ ಮೂಲೆಯ ಕುರ್ಚಿಯಲ್ಲಿ ಚಮಚ ಹಿಡಿದು ಕೂತಿದ್ದರು. ಎರಡು ಗಂಟೆ ಕಾಲ ತಮ್ಮ ಮನೆಯಲ್ಲೇ ಅವರ ಮಾತು ಕೇಳುವವರಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ, ನಮ್ಮ ಮನೆಯಲ್ಲಿ ಭಾವ ಭಾಮೈದರ ಜಗಳದಲ್ಲಿ ಅಪ್ಪ ಬಡವಾದರು.

ಆಮೇಲೆ ನೀನು ಅವಸರವಸರವಾಗಿ ಮಾತಿನ ಪ್ರೋಗ್ರಾಮ್ ಹಾಕಿದೆ. ಅಪ್ಪ ಹತ್ತಿರ ಬಂದು ಅಭ್ಯಾಸದಂತೆ ಎರಡು ಕೀ ಒತ್ತಿದರು. ಏನೂ ಬರಲಿಲ್ಲ. ಇನ್ನೆರಡು ಒತ್ತಿದರು. ಹಾಗೆ ಎಷ್ಟು ಸಲ ಒತ್ತಿದರು ಅನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು, ನೀನು ಅವರ ಬೆರಳನ್ನೇ ನೋಡುತ್ತಿದ್ದೆ. ನಿನ್ನ ಭಾವ “ನೋಡಿದ್ಯಾ” ಅಂದರು. ಆ ಒಂದು ಮಾತಿಗೆ ಅವರಿಗೆ ಮೂರು ದಿನ ನನ್ನಿಂದ ಸಿಕ್ಕಿದ್ದನ್ನು ಇಲ್ಲಿ ಬರೆಯುವುದಿಲ್ಲ. ನೀನು ಊಟಕ್ಕೂ ನಿಲ್ಲದೆ ಚೀಲ ಹೆಗಲಿಗೇರಿಸಿ ಹೋದೆ. ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಅಳಿಸಿದ್ದಕ್ಕಲ್ಲ, ಹೋದದ್ದಕ್ಕೆ. ಅಪ್ಪನ ಮುಖ ನೋಡಲಾರದೆ ಹೋದೆ ಅಂತ ಗೊತ್ತು. ನಾವು ದಿನವೂ ನೋಡಬೇಕಲ್ಲ.

ನಮ್ಮ ಅಂಗಡಿಯಲ್ಲಿ ಹೊಸದಾಗಿ ಸೇರಿದವರಿಗೂ ಮೊದಲ ದಿನ ಕಲಿಸುವ ಪಾಠ ಒಂದಿದೆ. ಗಾಜು ಹಾಕಿ, ಇದು ಸ್ಪಷ್ಟವೋ ಅದು ಸ್ಪಷ್ಟವೋ ಅಂತ ಕುರ್ಚಿಯಲ್ಲಿ ಕೂತವರನ್ನು ಕೇಳಬೇಕು. ಗಾಜು ಉಜ್ಜುವ ನಾನಾಗಲಿ, ಪರೀಕ್ಷೆ ಮಾಡುವ ಡಾಕ್ಟರಾಗಲಿ ಅದು ಸ್ಪಷ್ಟ ಅಂತ ತೀರ್ಮಾನ ಮಾಡುವಂತಿಲ್ಲ, ಕಣ್ಣು ಅವರದು. ಇಷ್ಟು ವರ್ಷದ ನಿಮ್ಮ ವಾದದಲ್ಲಿ ಒಬ್ಬರಾದರೂ ಒಂದು ಸಲವಾದರೂ ಅಪ್ಪನನ್ನು ಕೇಳಿದ್ದೀರಾ?

ಈಗಿನ ಸ್ಥಿತಿ ಹೇಳುತ್ತೇನೆ. ನಿನ್ನ ಭಾವ ಮತ್ತೆ ವಿಂಡೋಸ್ ಹಾಕಿಕೊಡುತ್ತೇನೆ ಅಂತ ಹತ್ತಿರ ಹೋದರೆ ಅಪ್ಪ ಯಂತ್ರದ ಮೇಲೆ ಅಂಗೈ ಊರಿ ಕೂತರು. ಹಾಗಂತ ನಿನ್ನ ಲಿನಕ್ಸನ್ನೂ ಮುಟ್ಟಿಲ್ಲ. ಬೇಕಾದದ್ದನ್ನು ಹಳೇ ರಸೀದಿಯ ಬೆನ್ನಿಗೆ ಒಂದೊಂದು ಪದ ಬರೆದು ತೋರಿಸುತ್ತಾರೆ, ಅದೂ ದಿನಕ್ಕೆ ನಾಲ್ಕೋ ಐದೋ. ಹೋದ ಭಾನುವಾರ ಫೋನ್ ಬಂದಾಗ ಎತ್ತಲಿಲ್ಲ. ಹದಿನಾಲ್ಕು ತಿಂಗಳ ಕೆಲಸವನ್ನು ಈ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಮಾಡು ಅಂತ ಯಾವ ಬಾಯಲ್ಲಿ ಹೇಳಲಿ? ನನಗೆ ಭಯವಾಗಿದೆ ಕಣೋ. ಮಾತಾಡಿ ಏನಾಗಬೇಕು ಅಂತ ಅವರು ತೀರ್ಮಾನಿಸಿಬಿಟ್ಟರೆ ಅನ್ನುವ ಭಯ.

ಬೈದು ಮುಗಿಯಿತು. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಭಾರ ಎತ್ತಬೇಡ. ನಿನ್ನ ಕ್ಷೇಮ ಕೇಳಿದೆ ಅಂತ ಬರೆ ಅಂದರು ನಿನ್ನ ಭಾವ, ಬರೆದಿದ್ದೇನೆ. ದೇವರು ನಿಮ್ಮಿಬ್ಬರಿಗೂ ಒಂದಿಷ್ಟು ಬುದ್ಧಿ ಕೊಡಲಿ, ಒಟ್ಟಿಗೇ ಕೊಡಲಿ, ಇಲ್ಲವಾದರೆ ಯಾರಿಗೆ ಜಾಸ್ತಿ ಸಿಕ್ಕಿತು ಅಂತ ಶುರುಮಾಡುತ್ತೀರಿ.

ಸಿಟ್ಟಿನಲ್ಲೂ ನಿನ್ನವಳೇ ಆದ
ಅಕ್ಕ

ಅಂಟಿಸಿದ ಕವರ್ ಮತ್ತೆ ಬಿಚ್ಚಿದ್ದೇನೆ, ಅಂಗಡಿಗೆ ಹೊತ್ತಾಯಿತು, ಬೇಗ ಓದು. ನಾನು ಚಪ್ಪಲಿ ಮೆಟ್ಟುವಾಗ ಅಪ್ಪ ಬಂದು ಕೈಗೆ ಹಾಳೆಗಳನ್ನಿಟ್ಟರು. ಎರಡೂ ಬದಿ, ಸಾಲು ಹಾಕಿದ ಹಾಗೆ ವಾಕ್ಯಗಳು, ಈಗಾಗಲೇ ಅರವತ್ತೆಂಟು. ಯಾವಾಗಿನಿಂದ ಬರೆಯುತ್ತಿದ್ದರೋ. ಯಾವುದು ಹಾಕಿಸಲಿ ಅಪ್ಪಾ, ವಿಂಡೋಸೋ ಲಿನಕ್ಸೋ ಅಂತ ಕೇಳಿದೆ. ‘ಯಾವುದಾದರೂ ಸರಿ. ದನಿ ನನ್ನ ಮಗನದಿರಲಿ’ ಅಂತ ಬರೆದರು. ಆಪರೇಷನ್ನಿಗೆ ಮುಂಚಿನ ಅವರ ದನಿ ಈಗ ಉಳಿದಿರುವುದು ನಿನ್ನ ಗಂಟಲಲ್ಲಿ ಮಾತ್ರವಂತೆ. ನನ್ನದು ಯಾಕಾಗಬಾರದು ಅಂದರೆ, ‘ನಿನ್ನದು ಮನೇಲಿ ಈಗಿರೋದೇ ಸಾಕಷ್ಟಿದೆ’ ಅಂತ ಬರೆದರು. ನೀನು ಓದಿ ರೆಕಾರ್ಡ್ ಮಾಡಿಟ್ಟರೆ ಎರಡರಲ್ಲೂ ಓಡುತ್ತದಂತೆ, ನಿನ್ನ ಭಾವನೇ ಹೇಳಿದರು, ಮೈಕ್ ತರಲು ಹೋಗಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಬಾ. ಮೊದಲನೇ ಹಾಳೆಯ ಮೊದಲನೇ ಸಾಲು ಬರೆದು ಕಳಿಸುತ್ತಿದ್ದೇನೆ, ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಾ, ಸ್ಪಷ್ಟವಾಗಿ ಹೇಳಬೇಕಂತೆ: ‘ಇಬ್ಬರೂ ಸ್ವಲ್ಪ ಸುಮ್ಮನಿರಿ, ನಾನು ಮಾತಾಡಬೇಕು.’