ಹೆಸರನ್ನು ಮೊದಲು ಬರೆಯಿರಿ

ತೇಲುಕೇರಿ, ಕೃಷ್ಣೆಯ ಹಿನ್ನೀರು
ಫೆಬ್ರವರಿ ಮೂವತ್ತು, 2109

ದನಿಗಳನ್ನು ಕೂಡಿಡುತ್ತಿರುವ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಸಾರಿ! ಮದುವೆಯಾಗಿ ಒಂದೇ ವಾರ. ‘ನನ್ನ ಗಂಡ ಚಂದ್ರಾಮ’ ಎಂದು ಬರೆಯುವಾಗಲೂ ನಗು ಬರುತ್ತದೆ.

ನೀರು ಏರಿದರೆ ಏರುವ, ಇಳಿದರೆ ಇಳಿಯುವ ಮನೆಗಳ ಕೇರಿ ನಮ್ಮದು. ನಿಮ್ಮ ಕಾಲದಲ್ಲಿ ನೀವು ಊರೂರು ಅಲೆದು ರೆಕಾರ್ಡ್ ಮಾಡಿಕೊಂಡ ಮಾತುಗಳೆಲ್ಲ ಈಗ ನಮ್ಮ ದನಿಕಣಜ ಎಂಬ ಸಂಗ್ರಹದಲ್ಲಿವೆ. ಮೊದಲ ಅಕ್ಷರಗಳನ್ನು ಒತ್ತಿದರೆ ಹಾಗೆ ಶುರುವಾಗುವ ಹೆಸರುಗಳು ಸಾಲಾಗಿ ಬರುತ್ತವೆ. ನಡುವಿನಿಂದ ಹುಡುಕಲು ಅದಕ್ಕೆ ಬಾರದು. ಇಲ್ಲಿ ಹೊಸ ಸೊಸೆ ಹೊಸ್ತಿಲಲ್ಲೇ ನಿಂತು, ಮನೆಯವರು ಹೇಳಿದ ಹಿರಿಯರೊಬ್ಬರ ದನಿಯನ್ನು ತನ್ನ ಕೈಯಾರೆ ಹುಡುಕಿ ಕೇಳಿಸಬೇಕು. ಆಮೇಲೆಯೇ ಒಳಗೆ ಕಾಲಿಡುವುದು. ಇದಕ್ಕೆ ದನಿ ತುಂಬಿಸುವುದು ಎನ್ನುತ್ತೇವೆ.

ಚಂದ್ರಾಮನ ಅಜ್ಜಿಯ ಹೆಸರು ಆದ್ವಿಕಾ. (ಎಷ್ಟು ಹಳೇ ಕಾಲದ ಹೆಸರು, ಅಲ್ಲವೇ!) ಅವರು ಕೂಸಾಗಿದ್ದಾಗಲೇ ತಾಯಿ ನಿಂಬವ್ವ ತೀರಿಕೊಂಡರು. ತಾಯಿಯ ದನಿ ಹೇಗಿತ್ತೆಂದು ಅಜ್ಜಿಗೆ ಗೊತ್ತೇ ಇಲ್ಲ. ಅದನ್ನೇ ಕೇಳಬೇಕೆಂದರು.

ನಾನು ‘ನಿಂ’ ಒತ್ತಿದೆ. ನಿಂಗಪ್ಪ, ನಿಂಗವ್ವ, ನಿಂಬಣ್ಣ ಎಲ್ಲರೂ ಬಂದರು, ನಿಂಬವ್ವ ಇಲ್ಲ. ‘ಶ್ರೀಮತಿ ನಿಂ’ ಒತ್ತಿದೆ. ‘ಸೌಭಾಗ್ಯವತಿ ನಿಂ’ ಒತ್ತಿದೆ. ಇಲ್ಲ. ಆರತಿ ತಟ್ಟೆ ಹಿಡಿದ ಅತ್ತೆಯ ಕೈ ಸೋತಿತ್ತು.

“ಇನ್ನೊಂದು ಐತಿ,” ಎಂದ ಚಂದ್ರಾಮ, ಮೆಲ್ಲಗೆ.

ನನಗೂ ಹೊಳೆದಿತ್ತು. ಆದರೆ ಮದುಮಗಳು ಹೊಸ್ತಿಲಲ್ಲಿ ನಿಂತು ‘ದಿವಂಗತ’ ಎಂದು ಬರೆಯುವುದೇ?

“ಬ್ಯಾಡವ್ವಾ, ಅಪಶಕುನ,” ಎಂದರು ಅತ್ತೆ.

“ನೀ ಸುಮ್ನಿರು,” ಅಜ್ಜಿ ಗದರಿದರು. “ಸತ್ತಾಕಿನ್ನ ಸತ್ತಾಳ ಅಂದ್ರ ಮತ್ತ ಸಾಯ್ತಾಳೇನು? ಒತ್ತವ್ವಾ ನೀ.”

ಒತ್ತಿದೆ. ಬಂದರು!

“ನನ್ನ ಹೆಸ್ರು ನಿಂಬವ್ವರಿ. ಹಾಡು ಅಂದ್ರ... ತಡೀರಿ ಅಕ್ಕಾರ, ಕೂಸು ಎದ್ದೈತಿ.” ಹಿಂದೆ ಕೂಸಿನ ಅಳು. “ಬಂದ್ಯವ್ವಾ, ಬಂದೆ.”

ಅಷ್ಟೇ. ಹಾಡೇ ಇಲ್ಲ! ಆ ಅಳುತ್ತಿದ್ದ ಕೂಸು, ಎಂಬತ್ತೇಳರ ನಮ್ಮ ಅಜ್ಜಿ, ಕಣ್ಣು ಮುಚ್ಚಿ ಕೂತಿದ್ದರು. “ಈಗ ಬಂದ್ಲು ನೋಡು,” ಎಂದರು. ಆಮೇಲೆ ನನ್ನತ್ತ ಕೈ ಚಾಚಿದರು. “ನೀನೂ ಒಳಗ ಬಾ.”

ಹಿರಿಯರೇ, ನಿಂಬವ್ವ ತೀರಿಕೊಂಡ ಮೇಲೆ ಯಾರೋ ಗೌರವದಿಂದಲೇ ಆ ಪದವನ್ನು ಸೇರಿಸಿರಬೇಕು. ಗೌರವ ಇರಲಿ, ಆದರೆ ಹೆಸರಾದ ಮೇಲೆ ಇರಲಿ. ಅಕ್ಕ, ಅಜ್ಜಿ, ಗೌಡರು ಎಂಬುದನ್ನು ಹೆಸರಿಗೆ ಸೇರಿಸಿ ಕರೆಯುವಾಗ ನೀವು ಹಾಗೇ ತಾನೇ ಮಾಡುವುದು? ಪ್ಲೀಸ್, ಹೆಸರನ್ನು ಮೊದಲು ಬರೆಯಿರಿ. ಇಲ್ಲಿ ಇನ್ನೂ ಎಷ್ಟೋ ಸೊಸೆಯರು ಹೊಸ್ತಿಲಲ್ಲೇ ನಿಂತಿದ್ದಾರೆ.

ಒಳಗೆ ಬಂದಿರುವ,
ಇಂಪನಾ