ಬೆಲ್ಲದ ಕೋಣೆಯ ಬೀಗ

ಬನವಾಸಿ
೧೯ ಫೆಬ್ರುವರಿ ೧೯೬೨

ಪ್ರೀತಿಯ ಪಾರ್ವತಿಗೆ,

ನಿನ್ನ ಅನ್ನಪೂರ್ಣಿಯ ಶರಣು. ಸಂಕ್ರಾಂತಿಗೆ ನೀನು ಸಿದ್ದಾಪುರದಿಂದ ಕಳಿಸಿದ ಕುಸುರೆಳ್ಳು ಮುಟ್ಟಿ ತಿಂಗಳು ಮೀರಿತು. ಮುಟ್ಟಿತೆಂದು ಒಂದು ಕಾರ್ಡನ್ನೂ ಹಾಕಲಿಲ್ಲ ನಾನು. ಬೆಲ್ಲದ ವ್ಯಾಪಾರಿಯ ಹೆಂಡತಿಗೆ ನನ್ನ ಕುಸುರೆಳ್ಳು ಸಪ್ಪೆಯಾಯಿತೇನೋ ಎಂದು ಮುಖ ಊದಿಸಿಕೊಂಡಿರುತ್ತೀ. ಬೈಯುವುದಿದ್ದರೆ ಬೈ, ಆದರೆ ಇದನ್ನು ಓದಿ ಮುಗಿಸಿದ ಮೇಲೆ ಬೈ.

ಮಕ್ಕಳು ಹೇಗಿದ್ದಾರೆಂದು ಕೇಳಿದ್ದೀ. ನೀನು ತೊಟ್ಟಿಲಿಗೆ ಹಾಕಿದ ನನ್ನ ಅವಳಿಗಳಿಗೆ ಈಗ ಹದಿನಾಲ್ಕು. ಮೊದಲು ಮುರಿಗೆಪ್ಪನಿಗೆ, ವರ್ಷ ತುಂಬುವುದರೊಳಗೆ ನೀಲಾಳಿಗೆ, ಇಬ್ಬರಿಗೂ ಸಕ್ಕರೆ ಕಾಯಿಲೆ ಹತ್ತಿದ್ದು ನಿನಗೆ ಗೊತ್ತೇ ಇದೆ. ಔಷಧದ ಬಾಟ್ಲಿಯನ್ನು ಹಸಿ ಮರಳಿನ ಗಡಿಗೆಯಲ್ಲಿ ತಂಪಾಗಿ ಇಟ್ಟುಕೊಂಡು, ಬೆಳಿಗ್ಗೆ ಸೂಜಿ ಕುದಿಸಿ ಇಬ್ಬರಿಗೂ ನಾನೇ ಚುಚ್ಚುತ್ತೇನೆ. ಒಂದೇ ಅಳತೆ, ಒಂದೇ ರೊಟ್ಟಿ, ಒಂದೇ ಪಲ್ಯ. ಆಮೇಲೆ ಗಾಜಿನ ನಳಿಗೆಯಲ್ಲಿ ನೀಲಿ ಔಷಧಕ್ಕೆ ನಾಲ್ಕು ಹನಿ ಉಚ್ಚೆ ಬಿಟ್ಟು ದೀಪದ ಮೇಲೆ ಕಾಸಬೇಕು. ನೀಲಿಯೇ ಉಳಿದರೆ ಒಳ್ಳೆಯದು, ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿದರೆ ಮೈಯ ಸಕ್ಕರೆ ಸೋರುತ್ತಿದೆ ಎಂದರ್ಥ.

ಮುರಿಗೆಪ್ಪನ ನಳಿಗೆ ನೀಲಿಯಾಗಿಯೇ ಇರುತ್ತಿತ್ತು. ನೀಲಾಳದ್ದೂ ಹಾಗೇ ಇತ್ತು. ಹೋದ ಬೇಸಿಗೆಯಲ್ಲಿ ಅವಳು ದೊಡ್ಡವಳಾದಳು ನೋಡು, ಆಮೇಲೆ ತಿಂಗಳಲ್ಲಿ ಕೆಲವು ದಿನ ಕೆಂಪಗೆ ತಿರುಗತೊಡಗಿತು.

ನಮ್ಮ ಯಜಮಾನರ ಸ್ವಭಾವ ನಿನಗೆ ಗೊತ್ತು. ಕೆಟ್ಟವರಲ್ಲ, ಮಗಳೆಂದರೆ ಜೀವ ಬಿಡುತ್ತಾರೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮನೆಯಲ್ಲಿ ಬೆಲ್ಲದ ರಾಶಿ ಇದೆ, ಹುಡುಗಿಯ ನಳಿಗೆ ಕೆಂಪಾಗಿದೆ, ಅಂದಮೇಲೆ ಹುಡುಗಿ ಕದಿಯುತ್ತಾಳೆ. ಅವಳು ಅಳುತ್ತಾ ತಿಂದಿಲ್ಲವೆಂದರೆ ಇವರು ನಳಿಗೆಯನ್ನು ಎತ್ತಿ ಹಿಡಿದು, “ನೀ ಸುಳ್ಳು ಹೇಳಬಹುದು, ಇದಕ್ಕ ಸುಳ್ಳು ಹೇಳಾಕ ಬರಂಗಿಲ್ಲ” ಎಂದರು. ಬೆಲ್ಲದ ಕೋಣೆಗೆ ಬೀಗ ಬಿತ್ತು. ಸಕ್ಕರೆ ಡಬ್ಬಿ, ಬಾಳೆಹಣ್ಣು, ಕೊನೆಗೆ ನಿನ್ನ ಸಕ್ಕರೆ ಕುಸುರೆಳ್ಳು ಕೂಡ ಅದರೊಳಗೇ ಹೋದವು. ಬೀಗದಕೈ ಇವರ ಉಡಿದಾರಕ್ಕೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡುವ ಹಬ್ಬದ ದಿನ ಮುರಿಗೆಪ್ಪ ತಂಗಿಯನ್ನು ಬೆಲ್ಲಗಳ್ಳಿ ಎಂದು ಕರೆದ.

ಅವಳು ಕದ್ದಿಲ್ಲವೆಂದು ನನಗೆ ಗೊತ್ತಿತ್ತು ಪಾರ್ವತಿ. ಉಣ್ಣಲು ಬಡಿಸುವವಳು ನಾನು, ಮಗ್ಗುಲಲ್ಲಿ ಮಲಗಿಸಿಕೊಳ್ಳುವವಳೂ ನಾನು. ಮುಟ್ಟಿಗೆ ಮುಂಚಿನ ದಿನಗಳಲ್ಲೇ ಕೆಂಪು ಬರುತ್ತದೆಂಬುದೂ ನನ್ನ ಗಮನಕ್ಕೆ ಬಂದಿತ್ತು. ಶಿರಸಿಯ ಡಾಕ್ಟರಿಗೆ ಇದನ್ನು ತಿಳಿಸಿರಿ ಎಂದು ಇವರಿಗೆ ಹೇಳಿದೆ. ಇಂಥ ಮಾತನ್ನು ಪರಗಂಡಸಿನ ಮುಂದೆ ಹೇಗೆ ಆಡಲಿ ಎಂದು ಇವರು ನನ್ನ ಮೇಲೇ ರೇಗಿದರು. ನಾನೇ ಬರುತ್ತೇನೆಂದರೆ, ಹೆಂಗಸು ಬಂದು ಏನು ಮಾಡುವುದಿದೆ ಎಂದರು. ಹುಡುಗಿ ಕದ್ದು ತಿನ್ನುತ್ತಾಳೆಂದಷ್ಟೇ ಅಲ್ಲಿ ಹೇಳಿ ಬಂದರು. ಡಾಕ್ಟರು ಔಷಧದ ಅಳತೆ ಏರಿಸಿದರು.

ಇತ್ತ ಹುಡುಗಿ ನಳಿಗೆ ನೀಲಿಯಾಗಲೆಂದು ಊಟವನ್ನೇ ಬಿಡತೊಡಗಿದಳು. ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಉಡಿಯಲ್ಲಿ ಮುಚ್ಚಿಟ್ಟುಕೊಂಡು ಆಕಳಿಗೆ ಹಾಕುತ್ತಿದ್ದದ್ದು ನನಗೆ ಆಮೇಲೆ ತಿಳಿಯಿತು. ಒಂದು ಮಂಗಳವಾರ ಇವರು ಶಿರಸಿ ಸಂತೆಗೆ ಹೋಗಿದ್ದರು. ಅವತ್ತೇ ಅವಳು ಮುಟ್ಟಾದಳು. ಏರಿಸಿದ ಅಳತೆಯ ಸೂಜಿ ಬೆಳಿಗ್ಗೆಯೇ ಚುಚ್ಚಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬೆವರಿ, ನಡುಗಿ, ಏನೇನೋ ಗೊಣಗುತ್ತಾ ಒರಳಿನ ಹತ್ತಿರ ಬಿದ್ದುಬಿಟ್ಟಳು.

ಹೀಗಾದರೆ ತಕ್ಷಣ ಬಾಯಿಗೆ ಬೆಲ್ಲ ಇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗೋಡೆಯಾಚೆ ಬೆಲ್ಲ ಸೂರು ಮುಟ್ಟುವಷ್ಟಿದೆ, ನನ್ನ ಕೈಗೆ ಚೂರಿಲ್ಲ. ಒನಕೆಯಿಂದ ಬೀಗ ಜಜ್ಜಿದೆ. ವ್ಯಾಪಾರಸ್ಥರ ಬೀಗ, ಜಗ್ಗಲಿಲ್ಲ. ಅಂಗಳ ಗುಡಿಸುತ್ತಿದ್ದ ತಿಮ್ಮಿ ನನ್ನ ಕೂಗು ಕೇಳಿ ತನ್ನ ಗುಡಿಸಲಿಗೆ ಓಡಿ, ಚಹಕ್ಕೆಂದು ಇಟ್ಟುಕೊಂಡಿದ್ದ ಬೆಲ್ಲ ತಂದಳು. ಅದನ್ನು ಕೆನ್ನೆಯೊಳಗೆ ತಿಕ್ಕುತ್ತಾ ಕೂತೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು.

ಮರುದಿನ ಶಿರಸಿಗೆ ಇವರ ಜೊತೆ ನಾನೂ ಹೋದೆ, ಯಾರನ್ನೂ ಕೇಳಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು ಎಲ್ಲವನ್ನೂ ಹೇಳಿದೆ. ಡಾಕ್ಟರು, “ಇದನ್ನ ಮೊದಲ ಹೇಳಬಾರದಾಗಿತ್ತೇನ್ರಿ? ಹುಡುಗಿ ಏನೂ ಕದ್ದಿಲ್ಲ” ಎಂದರು. ರಕ್ತದಲ್ಲಿರುವ ಸಕ್ಕರೆ ಮಾಂಸಖಂಡದೊಳಗೆ ಹೋಗಬೇಕಂತೆ, ಆ ಕದ ತೆಗೆಯುವುದು ಈ ಔಷಧ. ಹೆಣ್ಣಿನ ಮೈಯಲ್ಲಿ ಮುಟ್ಟಿಗೆ ಮುಂಚೆ ಆ ಕದ, ಮಳೆಗಾಲದ ಬಾಗಿಲಿನಂತೆ ಬಿಗಿದುಕೊಳ್ಳಬಹುದಂತೆ. ಮುಟ್ಟಾದ ಮೇಲೆ ಸಡಿಲ. ಆಗ ಅದೇ ಅಳತೆ ವಿಪರೀತವಾಗುತ್ತದೆ. ಗಂಡಿಗೆ ಈ ಏರಿಳಿತ ಇಲ್ಲ. ಹಾಗಾದರೆ ಯಾವಾಗ ಎಷ್ಟು ಹಾಕಲಿ ಎಂದು ಕೇಳಿದೆ. ಖಚಿತವಾಗಿ ಹೇಳಲು ತಮಗೂ ಬಾರದು, ನೋಡಿ ನೋಡಿಯೇ ಹಾಕಬೇಕು ಎಂದರು. ಓದಿದವರೇ ಹೀಗೆಂದ ಮೇಲೆ ನಾನು ಯಾರನ್ನು ಕೇಳಲಿ? ತಿಂಗಳು ಹತ್ತಿರ ಬಂತೆಂದರೆ ಚುಚ್ಚುವ ಮುಂಚೆ ಅಳತೆಯ ಗೆರೆಯನ್ನು ಎರಡೆರಡು ಸಲ ನೋಡುತ್ತೇನೆ.

ಇವರು ಮನೆಗೆ ಬಂದು ಉಡಿದಾರದ ಬೀಗದಕೈ ಬಿಚ್ಚಿ ನನ್ನ ಮುಂದಿಟ್ಟು ಅಂಗಡಿಗೆ ಹೋದರು. ಬೈಯಬೇಕೆಂದು ಕಾದಿದ್ದೆ, ಆ ಮುಖ ನೋಡಿ ಬೈಯಲಾಗಲಿಲ್ಲ.

ನಿನ್ನ ಮನೆಯವರಿಗೆ ಶರಣು ಹೇಳು. ಮಕ್ಕಳಿಗೆ ನನ್ನ ಆಶೀರ್ವಾದ, ಉಂಡುಟ್ಟು ಸುಖವಾಗಿರಲಿ. ನಿನ್ನ ದೇವರ ಮುಂದೆ ನೀಲಾಳ ಹೆಸರಲ್ಲಿ ಒಂದು ದೀಪ ಹಚ್ಚು.

ನಿನ್ನ,
ಅನ್ನಪೂರ್ಣಿ

ತಾ.ಕ.: ಬರುವ ವರ್ಷ ಕುಸುರೆಳ್ಳು ಕಳಿಸಬೇಡ. ಬೀಗ ಈಗಿಲ್ಲ, ಬೆಲ್ಲದ ಡಬ್ಬಿ ಅವಳ ತಲೆದೆಸೆಯಲ್ಲೇ ಇರುತ್ತದೆ. ಆದರೆ ಮೊನ್ನೆ ಮತ್ತೆ ಅವಳಿಗೆ ಹಾಗೇ ಆಯಿತು. ಇವರೇ ಓಡಿ ಬಂದು ಬೆಲ್ಲವನ್ನು ಬಾಯಿಗೆ ಹಿಡಿದರು. ಅರೆಎಚ್ಚರದ ಹುಡುಗಿ ಹಲ್ಲು ಕಚ್ಚಿಕೊಂಡುಬಿಟ್ಟಳು. ಕೊನೆಗೆ ಚಮಚದ ಹಿಡಿಯಿಂದ ಬಾಯಿ ಬಿಡಿಸಬೇಕಾಯಿತು. ಅಲ್ಲಿಯವರೆಗೂ ಹಲ್ಲಿನ ಸಂದಿಯಿಂದ ಒಂದೇ ಮಾತು, “ನಾ ತಿಂದಿಲ್ಲ ಯಪ್ಪಾ.” ಇವರು ಅವಳ ಗದ್ದ ಹಿಡಿದುಕೊಂಡು ಅಳುತ್ತಾ, “ನೀ ತಿಂದಿಲ್ಲವ್ವಾ, ನಂಗೊತ್ತೈತಿ, ಈಗರೆ ತಿನ್ನು” ಎನ್ನುತ್ತಲೇ ಇದ್ದರು.